ಹರ್ಮಿಟೇಜ್ ಬೆಟ್ಟದ ದ್ರಾಕ್ಷಿ: ಅದರ ಹೆಸರೂ ವಂಶವೂ

ಫ್ರಾನ್ಸ್ ದೇಶದ ರೋನ್ ನದಿಯ ಎಡದಂಡೆಯಲ್ಲಿ, ತೇನ್ ಎಂಬ ಚಿಕ್ಕ ಪಟ್ಟಣಕ್ಕೆ ಒತ್ತಿಕೊಂಡು, ಹರ್ಮಿಟೇಜ್ ಎಂಬ ಬೆಟ್ಟವಿರುವುದು. ಸಂಸ್ಕೃತದಲ್ಲಿ ಮಾರ್ದ್ವೀಕವೆಂದು ಕರೆಯಿಸಿಕೊಳ್ಳುವ ದ್ರಾಕ್ಷಾಮದ್ಯದ ನಾನಾ ಭೇದಗಳಲ್ಲಿ ಈ ಬೆಟ್ಟದ ಕೆಂಪು ಮದ್ಯವು ಬಹುಕಾಲದಿಂದ ಉತ್ತಮವೆಂದು ಗಣಿತವಾಗಿದೆ. ಆದರೂ ಅದನ್ನೀಯುವ ತೋಟಗಳ ಒಟ್ಟು ವಿಸ್ತಾರ ಸುಮಾರು 140 ಹೆಕ್ಟೇರು ಮಾತ್ರ. ತೆಂಕುಮುಖವಾದ ಇಳಿಜಾರಿನಲ್ಲಿ ಕಲ್ಲಿನ ಗೋಡೆಗಳನ್ನೆತ್ತಿ, ಮಣ್ಣು ಕೊಚ್ಚಿಹೋಗದಂತೆ ತಡೆದು, ಬಳ್ಳಿಗಳನ್ನು ಬೆಳೆಸುತ್ತಾರೆ. ಪಶ್ಚಿಮಭಾಗದ ನೆಲ ಗ್ರಾನೈಟ್ ಶಿಲೆಯದು. 1937ರಲ್ಲಿ ಈ ಸ್ಥಳನಾಮಕ್ಕೆ ಶಾಸನದ ರಕ್ಷಣೆ ದೊರೆಯಿತು. ಕೆಂಪು ಮದ್ಯಕ್ಕೆ ಮೂಲವಾದುದು ಸಿರಾ ಎಂಬ ಕಪ್ಪು ದ್ರಾಕ್ಷಿ. ಈ ಸಿರಾ ಎಲ್ಲಿಂದ ಬಂದಿತೆಂಬುದೇ ಇಲ್ಲಿಯ ವಿಚಾರ.

ಹರ್ಮಿಟೇಜ್ ಎಂದರೆ ತಪಸ್ವಿಯ ಕುಟೀರ. ಗಾಸ್ಪಾರ್ ದ ಸ್ತೆರಿಂಬೆರ್ಗ್ ಎಂಬ ವೀರಯೋಧನು ಯುದ್ಧದಿಂದ ಬೇಸತ್ತು 1224ರಲ್ಲಿ ಬ್ಲಾಂಷ್ ರಾಣಿಯ ಅಪ್ಪಣೆ ಪಡೆದು ಈ ಬೆಟ್ಟದ ಮೇಲೆ ನೆಲೆಸಿದನೆಂದು ಪ್ರತೀತಿ. ಪಾರಸೀಕದೇಶದ ಶಿರಾಜ್ ನಗರದಿಂದ ದ್ರಾಕ್ಷಿಯ ಬಳ್ಳಿಯನ್ನು ಅವನೇ ತಂದನೆಂದೂ, ಶಿರಾಜ್ ಎಂಬುದೇ ಸಿರಾ ಎಂದಾಯಿತೆಂದೂ ಹೇಳುವುದುಂಟು. 1831ರಲ್ಲಿ ಇಲ್ಲಿಗೆ ಬಂದ ಜೇಮ್ಸ್ ಬಸ್ಬಿಯು ಇಂಥದೇ ಐತಿಹ್ಯವನ್ನು ಸ್ಥಳದವರಿಂದ ಕೇಳಿ ತನ್ನ ಪ್ರವಾಸಕಥನದಲ್ಲಿ ಬರೆದಿಟ್ಟನು. ಕವಿ ಹಾಫಿಜನ ಊರಾದ ಶಿರಾಜ್ ಮದ್ಯಕ್ಕೂ ಪ್ರಸಿದ್ಧವಾಗಿದ್ದುದರಿಂದ ಈ ಕಥೆಯು ಕೇಳಿದವರಿಗೆ ರುಚಿಸಿದುದು ಸಹಜ.

ಪರೀಕ್ಷಿಸಿದರೆ ಈ ಕಥೆ ನಿಲ್ಲದು. ಗಾಸ್ಪಾರನು ಕಾದಿದನೆನ್ನುವ ಅಲ್ಬಿಜೆನ್ಸಿಯನ್ ಯುದ್ಧವು (1209–1229) ನಡೆದುದು ಫ್ರಾನ್ಸಿನ ದಕ್ಷಿಣಭಾಗದಲ್ಲಿಯೇ ಹೊರತು ಪಾರಸೀಕದಲ್ಲಲ್ಲ. ಎರಡನೆಯದಾಗಿ, ಇದೇ ಶಬ್ದಸಾಮ್ಯವನ್ನು ಹಿಡಿದು ಇತರರು ಸಿಸಿಲಿಯ ಸಿರಾಕ್ಯೂಸ್ ನಗರವನ್ನು ಮೂಲವೆಂದು, ರೋಮಿನ ಚಕ್ರವರ್ತಿ ಪ್ರೋಬಸನನ್ನು ತಂದವನೆಂದು ಸಾರಿದರು. ಒಂದೇ ಹೇತುವು ಎರಡು ವಿರುದ್ಧಸಾಧ್ಯಗಳಿಗೆ ಒದಗುವುದಾದರೆ ಅದು ಯಾವುದನ್ನೂ ಸಾಧಿಸಲಾರದು. ಧ್ವನಿಸಾಮ್ಯವೊಂದೇ ಸಾಕೆನ್ನುವವರಿಗೆ ತುಮಕೂರು ಜಿಲ್ಲೆಯ ಸಿರಾ ಪಟ್ಟಣವೂ ತವರೂರಾದೀತು.

ಗಾಸ್ಪಾರನಿಗಿಂತ ಸಾವಿರ ವರ್ಷಕ್ಕೂ ಹಿಂದಿನ ಸಾಕ್ಷ್ಯವೊಂದುಂಟು. ಕ್ರಿ. ಶ. 79ರಲ್ಲಿ ತೀರಿಕೊಂಡ ರೋಮಿನ ಪ್ಲಿನಿಯು ತನ್ನ ನಿಸರ್ಗಚರಿತ್ರೆಯಲ್ಲಿ, ತೇನ್ ಪಟ್ಟಣಕ್ಕೆ ಉತ್ತರದ ವಿಯೆನ್ ಸೀಮೆಯಲ್ಲಿ ರಾಳದ ರುಚಿಯ ಮದ್ಯವನ್ನೀಯುವ ಬಳ್ಳಿಯೊಂದನ್ನು ಹೇಳಿದ್ದಾನೆ. ವರ್ಜಿಲ್ ಕವಿಯ ಕಾಲದಲ್ಲಿ ಅದು ತಿಳಿದಿರಲಿಲ್ಲವೆಂದೂ ಸೇರಿಸಿದ್ದಾನೆ. ಆ ಬಳ್ಳಿಯೇ ಈಗಿನ ಸಿರಾ ಎನ್ನಲು ಇಷ್ಟೇ ಮಾತು ಸಾಲದು. ಆದರೆ ರೋನ್ ತೀರದ ದ್ರಾಕ್ಷಿಕೃಷಿಗೆ ಗಾಸ್ಪಾರನ ಆಗಮನವು ಆದಿಯಲ್ಲವೆಂಬುದಕ್ಕೆ ಸಾಕು.

ವಿವಾದವನ್ನು ತೀರಿಸಿದುದು ಗ್ರಂಥವಲ್ಲ, ಬಳ್ಳಿಯೇ. 1998ರಲ್ಲಿ ಕ್ಯಾಲಿಫೋರ್ನಿಯದ ಡೇವಿಸ್ ವಿಶ್ವವಿದ್ಯಾಲಯದ ಕ್ಯಾರೊಲ್ ಮೆರೆಡಿತ್ ಎಂಬ ವಿದುಷಿಯೂ ಅವರ ಸಂಗಡಿಗರೂ, ಫ್ರಾನ್ಸಿನ ಮಾಂಪೆಲಿಯೆಯಲ್ಲಿದ್ದ ತಳಿಗಳ ಸಂಗ್ರಹದ ನೆರವಿನಿಂದ, ಡಿ.ಎನ್.ಎ. ಪರೀಕ್ಷೆಯನ್ನು ನಡೆಸಿದರು. ಸಿರಾದ ತಾಯಿ ಮೊಂದೂಸ್ ಬ್ಲಾಂಷ್ ಎಂಬ ಬಿಳಿಯ ದ್ರಾಕ್ಷಿ, ತಂದೆ ದ್ಯುರೆಜಾ ಎಂಬ ಕಪ್ಪು ದ್ರಾಕ್ಷಿ ಎಂಬುದು ಸಿದ್ಧವಾಯಿತು. ತಾಯಿಯ ನೆಲೆ ಸವೊಯ್ ಪ್ರಾಂತ. ತಂದೆಯ ನೆಲೆ ರೋನ್ ನದಿಯ ಬಲದಂಡೆಯ ಆರ್ದೆಶ್ ಪ್ರಾಂತ. ಎರಡೂ ಆಗ್ನೇಯ ಫ್ರಾನ್ಸಿನವು. ಈ ಪರೀಕ್ಷೆಯು ಸಂಕರದ ಕಾಲವನ್ನು ತಿಳಿಸದಿದ್ದರೂ ದೇಶವನ್ನು ತೋರಿಸಿಕೊಟ್ಟಿತು. ಸಿರಾ ಪರದೇಶದಿಂದ ಬಂದುದಲ್ಲ, ಆ ಸೀಮೆಯ ಕೂಸೇ.

ಐತಿಹ್ಯವು ಸುಳ್ಳಾದರೂ ಹೆಸರು ಅಳಿಯಲಿಲ್ಲ. ಬಸ್ಬಿಯು 1832ರಲ್ಲಿ ಆಸ್ಟ್ರೇಲಿಯಕ್ಕೆ ಸಾಗಿಸಿದ ತುಂಡುಗಳಲ್ಲಿ ಈ ತಳಿಯೂ ಇದ್ದಿತು. ಅಲ್ಲಿ ಅದು ಶಿರಾಜ್ ಎಂದೇ ನೆಲೆಯೂರಿತು. ಇಂದು ನಂದಿಬೆಟ್ಟದ ಸುತ್ತಿನ ತೋಟಗಳಲ್ಲಿಯೂ ಅದನ್ನು ಶಿರಾಜ್ ಎಂದೇ ಕರೆಯುತ್ತಾರೆ. ಇಲ್ಲಿ ರೂಢಿಯನ್ನು ಆಕ್ಷೇಪಿಸಬೇಕಾದುದಿಲ್ಲ; ರೂಢಿಯನ್ನು ಯೋಗಾರ್ಥವೆಂದು ಭಾವಿಸಿ ಅದರಿಂದ ಚರಿತ್ರೆಯನ್ನು ಹೆಣೆಯುವುದನ್ನು ಮಾತ್ರ ಆಕ್ಷೇಪಿಸಬೇಕು. ಸ್ಥಳನಾಮಗಳನ್ನೂ ಕುಲನಾಮಗಳನ್ನೂ ಶೋಧಿಸುವ ಕನ್ನಡ ವಿದ್ವಾಂಸರಿಗೂ ಈ ದೃಷ್ಟಾಂತವು ಉಪಯುಕ್ತವಾದುದು: ಶಬ್ದಸಾಮ್ಯವು ಪ್ರಶ್ನೆಯನ್ನು ಹುಟ್ಟಿಸಬಹುದು, ನಿರ್ಣಯಕ್ಕೆ ಬೇರೆ ಪ್ರಮಾಣವೇ ಬೇಕು.