ಮರ್ಮಕ್ಕೆ ಗುಂಡು ತಗುಲಿದರೂ ಕಡವೆ ಓಡುವುದೇಕೆ?

ಹೃದಯಕ್ಕೇ ಗುಂಡು ತಗುಲಿದ ಕಡವೆಯೊಂದು ನೂರು ಮೀಟರಿಗೂ ಹೆಚ್ಚು ದೂರ ಓಡಬಲ್ಲದು. ಒಂದೇ ಶ್ವಾಸಕೋಶಕ್ಕೆ ಗಾಯವಾಗಿದ್ದರೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬದುಕಿರಬಲ್ಲದು. ಗುರಿ ತಪ್ಪಿದ ಹೊಡೆತಕ್ಕೆ ಪ್ರಾಣಿ ಪಾರಾಗುವುದು ಸಹಜ. ಗುರಿ ತಪ್ಪದ ಹೊಡೆತಕ್ಕೂ ಅದು ಕೂಡಲೇ ಬೀಳದಿರುವುದು ಬೇಟೆಗಾರರನ್ನು ಹಿಂದಿನಿಂದಲೂ ಕಾಡಿದ ಪ್ರಶ್ನೆ. ಬೇಟೆ ಕಾನೂನಿನಿಂದ ನಿಂತಿದ್ದರೂ ಈ ಪ್ರಶ್ನೆ ಅಪ್ರಸ್ತುತವಾಗಿಲ್ಲ. ಕಾಡಾನೆ, ಕಾಡುಕೋಣಗಳನ್ನು ಅರಿವಳಿಕೆ ನೀಡಿ ಹಿಡಿಯುವ ಇಂದಿನ ಕಾರ್ಯಾಚರಣೆಗಳಲ್ಲೂ, ತೋಟದಂಚಿನಲ್ಲಿ ಗಾಯಗೊಂಡ ಪ್ರಾಣಿ ಎದುರಾದಾಗಲೂ ಇದರ ಉತ್ತರ ಮನುಷ್ಯರ ಜೀವಕ್ಕೇ ಸಂಬಂಧಿಸಿದೆ.

‘ಎಲ್ಕ್’ ಮತ್ತು ಕಡವೆ

ಉತ್ತರ ಅಮೆರಿಕದ ಬೇಟೆ ಸಾಹಿತ್ಯದಲ್ಲಿ ಈ ವಿಷಯ ಹೆಚ್ಚಾಗಿ ಚರ್ಚೆಯಾಗುವುದು ‘ಎಲ್ಕ್’ ಎಂಬ ದೊಡ್ಡ ಜಿಂಕೆಯ ಬಗ್ಗೆ. ನಮ್ಮ ಕಾಡುಗಳಲ್ಲಿ ಅದಿಲ್ಲ. ಆದರೆ 19ನೇ ಶತಮಾನದಲ್ಲಿ ಸಿಲೋನ್‌ನಲ್ಲಿ ಬೇಟೆಯಾಡಿದ ಸ್ಯಾಮ್ಯುಯಲ್ ಬೇಕರ್ ಮೊದಲಾದ ಬ್ರಿಟಿಷರು ಕಡವೆಯನ್ನೇ ‘ಎಲ್ಕ್’ ಎಂದು ಕರೆದರು. ಗಾತ್ರ, ಬಲ, ಗಟ್ಟಿತನದಲ್ಲಿ ಎರಡಕ್ಕೂ ಹೋಲಿಕೆಯಿದೆ. ಭಾರತದ ಜಿಂಕೆಗಳಲ್ಲಿ ಕಡವೆಯೇ ಅತಿ ದೊಡ್ಡದು. ಬೆಳೆದ ಗಂಡು ಕಡವೆ 225ರಿಂದ 300 ಕಿಲೋ ತೂಗುತ್ತದೆ. ಕುದುರೆಮುಖ, ಚಾರ್ಮಾಡಿ, ಪುಷ್ಪಗಿರಿಯಿಂದ ನಾಗರಹೊಳೆ, ಬಂಡೀಪುರದವರೆಗಿನ ಕಾಡುಗಳಲ್ಲಿ ಅದು ಕಾಡುಕೋಣದೊಂದಿಗೆ ವಾಸಿಸುತ್ತದೆ. ಕಾಡುಕೋಣವನ್ನು ಕರಾವಳಿಯ ಜನರು ‘ಕಾಟಿ’ ಎನ್ನುತ್ತಾರೆ.

ದಕ್ಷಿಣ ಕನ್ನಡ, ಕೊಡಗು, ಮಲೆನಾಡಿನಲ್ಲಿ ಬೇಟೆಗೆ ತನ್ನದೇ ಆದ ಪದಸಂಪತ್ತು ಇದೆ. ಕೋವಿಯ ಹೊಡೆತಕ್ಕೆ ‘ಈಡು’ ಎಂಬುದು ಇಲ್ಲಿನ ಮಾತು. ಕೆದಂಬಾಡಿ ಜತ್ತಪ್ಪ ರೈ ಅವರ ಬೇಟೆಯ ಅನುಭವಗಳ ಒಂದು ಕೃತಿಯ ಹೆಸರೇ ‘ಈಡೊಂದು ಹುಲಿಯೆರಡು’. ಈಡು ತಗುಲಿದರೂ ಕಣ್ಮರೆಯಾದ ಪ್ರಾಣಿಯನ್ನು ಕಂಡವರು ಅದನ್ನು ‘ಗಟ್ಟಿ ಜೀವ’ ಎಂದು ಹೇಳಿ ಸುಮ್ಮನಾಗುತ್ತಿದ್ದರು. ಆ ಮಾತಿನ ಹಿಂದಿರುವ ಕಾರಣಗಳನ್ನು ಶರೀರಶಾಸ್ತ್ರ ಈಗ ಬಿಡಿಸಿ ಹೇಳುತ್ತದೆ.

ನಿರ್ಣಾಯಕವಾದುದು ಮಿದುಳು

ಗುಂಡು ಹೃದಯವನ್ನು ಸೀಳಿದರೆ ಪ್ರಾಣಿ ಆ ಕ್ಷಣವೇ ಸಾಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ಪ್ರಾಣಿ ಕುಸಿಯುವುದು ಮಿದುಳಿಗೆ ಆಮ್ಲಜನಕ ತಲಪುವುದು ನಿಂತಾಗ. ರಕ್ತಸಂಚಾರ ಪೂರ್ಣವಾಗಿ ನಿಂತ ಮೇಲೂ ಮಿದುಳಿನಲ್ಲಿ ಉಳಿದಿರುವ ಆಮ್ಲಜನಕದಿಂದ ಸುಮಾರು 10ರಿಂದ 15 ಸೆಕೆಂಡುಗಳ ಕಾಲ ಪ್ರಜ್ಞೆ ಇರುತ್ತದೆ. ಸ್ನಾಯುಗಳಲ್ಲಿ ಮೊದಲೇ ಸಂಗ್ರಹವಾಗಿರುವ ಶಕ್ತಿಯೂ ಅಷ್ಟು ಹೊತ್ತಿನ ಓಟಕ್ಕೆ ಸಾಕಾಗುತ್ತದೆ. ಅದಕ್ಕೆ ಹೊಸ ರಕ್ತದ ಅಗತ್ಯವಿಲ್ಲ.

ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡುವ ಪ್ರಾಣಿ ಸೆಕೆಂಡಿಗೆ 11 ಮೀಟರ್ ಕ್ರಮಿಸುತ್ತದೆ. ಹತ್ತು ಸೆಕೆಂಡಿನಲ್ಲಿ 110 ಮೀಟರ್. ದಟ್ಟ ಕಾಡಿನಲ್ಲಿ ಇದರ ಅರ್ಧ ದೂರ ಹೋದರೂ ಪ್ರಾಣಿ ಕಣ್ಣಿಗೆ ಬೀಳುವುದಿಲ್ಲ. ಅಂದರೆ, ಹೃದಯಕ್ಕೆ ಈಡು ತಗುಲಿದ ಕಡವೆ ಓಡಿಹೋಯಿತೆಂದರೆ ಅದರಲ್ಲಿ ವಿಚಿತ್ರವೇನಿಲ್ಲ. ಅದು ಸತ್ತಂತೆಯೇ, ಆದರೆ ಸಾವು ಅದನ್ನು ಮುಟ್ಟಲು ಕೆಲವು ಸೆಕೆಂಡುಗಳು ಬೇಕು.

ನಿಂತಲ್ಲೇ ಬೀಳುವುದು ಮಿದುಳಿಗೆ ಅಥವಾ ಕುತ್ತಿಗೆಯ ಬೆನ್ನುಹುರಿಗೆ ನೇರ ಪೆಟ್ಟು ಬಿದ್ದಾಗ ಮಾತ್ರ. ದೊಡ್ಡ ತಲೆಯೊಳಗೆ ಮಿದುಳು ಚಿಕ್ಕದು; ತಲೆಯೂ ಸದಾ ಅಲುಗಾಡುತ್ತಿರುತ್ತದೆ. ಬೇಟೆಗಾರರು ಎದೆಯನ್ನೇ ಗುರಿಯಾಗಿಸಿಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ.

ರಕ್ತದ ಲೆಕ್ಕಾಚಾರ

ಸಸ್ತನಿಗಳ ದೇಹತೂಕದ ಸುಮಾರು 7ರಿಂದ 8 ಶೇಕಡಾ ಭಾಗ ರಕ್ತ. 250 ಕಿಲೋ ತೂಕದ ಕಡವೆಯಲ್ಲಿ ಹೆಚ್ಚುಕಡಿಮೆ 18ರಿಂದ 20 ಲೀಟರ್ ರಕ್ತವಿರುತ್ತದೆ. ಇದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು, ಅಂದರೆ ಆರೇಳು ಲೀಟರ್ ಬೇಗನೆ ಹರಿದುಹೋದಾಗ ರಕ್ತದೊತ್ತಡ ಕುಸಿದು ಪ್ರಾಣಿ ಬೀಳುತ್ತದೆ. ಮಹಾಪಧಮನಿ ತುಂಡಾದರೆ ಇದಕ್ಕೆ ಕೆಲವೇ ಸೆಕೆಂಡು ಸಾಕು. ಸಣ್ಣ ರಕ್ತನಾಳಗಳಷ್ಟೇ ಹರಿದಿದ್ದರೆ ಹಲವು ನಿಮಿಷ ಬೇಕಾಗುತ್ತದೆ. ರಕ್ತ ಹೆಪ್ಪುಗಟ್ಟಿ ಗಾಯ ಮುಚ್ಚಿಕೊಂಡರೆ ಆ ಹಂತ ಬಾರದೆಯೂ ಹೋಗಬಹುದು.

ಬೆದರಿದ ದೇಹವೂ ತನ್ನ ರಕ್ಷಣೆಗೆ ನಿಲ್ಲುತ್ತದೆ. ಅಡ್ರಿನಲಿನ್ ಹಾರ್ಮೋನು ಚರ್ಮ ಮತ್ತು ಜಠರದ ರಕ್ತನಾಳಗಳನ್ನು ಬಿಗಿಗೊಳಿಸಿ ರಕ್ತವನ್ನು ಮಿದುಳು, ಹೃದಯ, ಕಾಲಿನ ಸ್ನಾಯುಗಳತ್ತ ತಿರುಗಿಸುತ್ತದೆ. ನೋವಿನ ಅರಿವು ಕುಗ್ಗುತ್ತದೆ. ಜಿಂಕೆ ಜಾತಿಯ ಪ್ರಾಣಿಗಳ ಗುಲ್ಮದಲ್ಲಿ ಕೆಂಪು ರಕ್ತಕಣಗಳ ದಾಸ್ತಾನು ಇದ್ದು, ಗುಲ್ಮ ಸಂಕುಚಿಸಿದಾಗ ಅದು ರಕ್ತಪ್ರವಾಹಕ್ಕೆ ಸೇರುತ್ತದೆ. ನೆಮ್ಮದಿಯಾಗಿ ಮೇಯುತ್ತಿದ್ದ ಕಡವೆಗೂ, ಹಳುವಿನವರ ಗದ್ದಲಕ್ಕೆ ಬೆದರಿ ಬಿಲ್ಲಿನತ್ತ ನುಗ್ಗಿಬಂದ ಕಡವೆಗೂ ಒಂದೇ ಬಗೆಯ ಗಾಯವಾದರೂ ಎರಡನೆಯದು ಹೆಚ್ಚು ದೂರ ಹೋಗುವುದು ಇದರಿಂದಲೇ.

ಈ ಸಾಮರ್ಥ್ಯ ಕೋವಿಗಾಗಿ ಬಂದುದಲ್ಲ. ನಾಗರಹೊಳೆಯಲ್ಲಿ 1980ರ ದಶಕದಿಂದ ಡಾ. ಉಲ್ಲಾಸ ಕಾರಂತರು ನಡೆಸಿದ ಅಧ್ಯಯನಗಳು ಕಡವೆ, ಕಾಡುಕೋಣಗಳಂಥ ದೊಡ್ಡ ಪ್ರಾಣಿಗಳೇ ಹುಲಿಯ ಮೆಚ್ಚಿನ ಆಹಾರವೆಂದು ತೋರಿಸಿವೆ. ಹುಲಿ ಕೂಡ ದೊಡ್ಡ ಪ್ರಾಣಿಯ ಗಂಟಲನ್ನು ಕಚ್ಚಿಹಿಡಿದು ಉಸಿರುಗಟ್ಟಿಸಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಗಾಯಗೊಂಡ ಮೇಲೂ ಕೊಸರಿಕೊಂಡು ಓಡಬಲ್ಲವು ಮಾತ್ರ ಸಂತತಿಯನ್ನು ಉಳಿಸಿಕೊಂಡವು. ಲಕ್ಷಾಂತರ ವರ್ಷಗಳ ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ದೇಹ ಅದು.

ಶ್ವಾಸಕೋಶದ ಗಾಯ

ಎರಡೂ ಶ್ವಾಸಕೋಶಗಳು ತೂತಾದರೆ ಎದೆಗೂಡಿನೊಳಗೆ ಗಾಳಿ ತುಂಬಿ ಅವು ಕುಗ್ಗುತ್ತವೆ, ರಕ್ತವೂ ಸೋರುತ್ತದೆ. ಪ್ರಾಣಿ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಬೀಳುತ್ತದೆ. ಒಂದು ಶ್ವಾಸಕೋಶ ಸುರಕ್ಷಿತವಾಗಿ ಉಳಿದರೆ ಪರಿಸ್ಥಿತಿಯೇ ಬೇರೆ.

ಶ್ವಾಸಕೋಶದ ಅಂಗಾಂಶ ಸ್ಪಂಜಿನಂತೆ ಹಗುರ. ಗುಂಡು ಹಾದುಹೋಗುವಾಗ ಅದು ಹಿಗ್ಗಿ ಮತ್ತೆ ಮೊದಲ ಸ್ಥಿತಿಗೆ ಬರುತ್ತದೆ. ಯಕೃತ್ತಿನಂಥ ಗಟ್ಟಿ ಅಂಗವನ್ನು ಛಿದ್ರಗೊಳಿಸುವ ಗುಂಡು ಶ್ವಾಸಕೋಶದ ಅಂಚಿನಲ್ಲಿ ಕಿರಿದಾದ ತೂತನ್ನಷ್ಟೇ ಬಿಟ್ಟು ಹೋಗಬಹುದು. ಶ್ವಾಸಕೋಶದೊಳಗಿನ ರಕ್ತದೊತ್ತಡ ದೇಹದ ಉಳಿದ ಭಾಗಕ್ಕಿಂತ ಬಹಳ ಕಡಿಮೆ ಇರುವುದರಿಂದ ಅಂಚಿನ ಗಾಯದ ಸ್ರಾವವೂ ನಿಧಾನ. ಆನೆಯ ರಚನೆ ಇನ್ನೂ ಭಿನ್ನ. ಅದರ ಶ್ವಾಸಕೋಶಗಳು ಎದೆಗೂಡಿನ ಗೋಡೆಗೆ ಅಂಗಾಂಶದಿಂದಲೇ ಅಂಟಿಕೊಂಡಿವೆ. ಗಾಳಿ ತುಂಬಿ ಕುಗ್ಗಲು ನಡುವೆ ತೆರಪೇ ಇಲ್ಲ.

ನೆಲದ ಮೇಲಿನ ರಕ್ತದ ಗುರುತಿನಿಂದ ಗಾಯ ಎಲ್ಲಿಯದೆಂದು ಹಳೆಯ ಬೇಟೆಗಾರರು ಊಹಿಸುತ್ತಿದ್ದುದು ಇದೇ ತಿಳಿವಳಿಕೆಯಿಂದ. ನೊರೆಯಿಂದ ಕೂಡಿದ ತಿಳಿಗೆಂಪು ರಕ್ತ ಶ್ವಾಸಕೋಶದ್ದು. ಕಪ್ಪುಗೆಂಪು ರಕ್ತ ಯಕೃತ್ತಿನದು. ಹಸಿರು ಬೆರೆತಿದ್ದರೆ ಈಡು ಹೊಟ್ಟೆಗೆ ತಗುಲಿದೆ ಎಂದರ್ಥ. ಅಂಥ ಪ್ರಾಣಿ ಹಲವು ಗಂಟೆ, ಕೆಲವೊಮ್ಮೆ ದಿನಗಳ ಕಾಲ ನರಳುತ್ತದೆ. ಈಡು ತಗುಲಿದ ಕೂಡಲೇ ಬೆನ್ನಟ್ಟದೆ ಅರ್ಧ ಗಂಟೆಯಾದರೂ ಕಾಯುವುದು ಅನುಭವಿಗಳ ಪದ್ಧತಿಯಾಗಿತ್ತು. ಬೆನ್ನಟ್ಟದಿದ್ದರೆ ಪ್ರಾಣಿ ಹತ್ತಿರದಲ್ಲೇ ಮಲಗುತ್ತದೆ. ಬೆನ್ನಟ್ಟಿದರೆ ಇನ್ನಷ್ಟು ದೂರ ಓಡುತ್ತದೆ, ಇಲ್ಲವೇ ತಿರುಗಿಬೀಳುತ್ತದೆ.

‘ಸರಿಯಾದ ಜಾಗ’ ಎಷ್ಟು ಸರಿ?

ಹೊರಗಿನಿಂದ ಕಾಣುವ ‘ಸರಿಯಾದ ಜಾಗ’ಕ್ಕೂ ಒಳಗೆ ಗುಂಡು ಹಿಡಿಯುವ ದಾರಿಗೂ ವ್ಯತ್ಯಾಸವಿದೆ. ಪೂರ್ಣ ಅಡ್ಡಲಾಗಿ ನಿಂತ ಪ್ರಾಣಿಯ ಭುಜದ ಹಿಂದೆ ತಗುಲಿದ ಗುಂಡು ಎರಡೂ ಶ್ವಾಸಕೋಶಗಳನ್ನು ಹಾಯುತ್ತದೆ. ಪ್ರಾಣಿ ತುಸು ಓರೆಯಾಗಿ ನಿಂತಿದ್ದರೆ, ಅಥವಾ ಬೇಟೆಗಾರ ಮರದ ಅಟ್ಟಣೆಯ ಮೇಲಿದ್ದರೆ, ಅದೇ ಜಾಗಕ್ಕೆ ತಗುಲಿದ ಗುಂಡು ಒಂದೇ ಶ್ವಾಸಕೋಶವನ್ನು ತಾಗಿ ಹೊರಬರಬಹುದು.

ಕಾಡುಕೋಣದಲ್ಲಿ ಇನ್ನೊಂದು ಮೋಸವಿದೆ. ಅದರ ಭುಜದಿಂದ ಬೆನ್ನಿನ ಮಧ್ಯದವರೆಗೆ ಎತ್ತರದ ಏಣು ಇರುತ್ತದೆ. ಈ ಏಣು ಬೆನ್ನೆಲುಬಿನ ಕಶೇರುಗಳಿಂದ ಮೇಲಕ್ಕೆ ಚಾಚಿದ ಉದ್ದನೆಯ ಮುಳ್ಳೆಲುಬುಗಳಿಂದ ಆದದ್ದು. ನೋಡುವವರಿಗೆ ದೇಹದ ಮಧ್ಯಭಾಗವೆಂದು ತೋರುವುದು ನಿಜವಾಗಿ ಮರ್ಮಾಂಗಗಳಿಗಿಂತ ಮೇಲಿರುತ್ತದೆ. ಏಣಿಗೆ ತಗುಲಿದ ಗುಂಡು ಮಾಂಸದ ಗಾಯವನ್ನಷ್ಟೇ ಮಾಡುತ್ತದೆ. ಮುಳ್ಳೆಲುಬಿಗೆ ಬಡಿದರೆ ಬೆನ್ನುಹುರಿ ಅದುರಿ ಪ್ರಾಣಿ ನೆಲಕ್ಕುರುಳುತ್ತದೆ. ಕೆಲವು ಕ್ಷಣಗಳಲ್ಲಿ ಚೇತರಿಸಿಕೊಂಡು ಎದ್ದು ಓಡುತ್ತದೆ. ಸತ್ತಿತೆಂದು ಹತ್ತಿರ ಹೋದವರ ಮೇಲೆ ‘ಸತ್ತ’ ಕಾಟಿ ಎರಗುವುದು ಹೀಗೆ.

ಕೋವಿಯ ಬಗೆಯೂ ಮುಖ್ಯ. ಕೇಪಿನ ಕೋವಿಯ ಚರೆಗಳು ದೂರ ಹೋದಂತೆ ವೇಗ ಕಳೆದುಕೊಳ್ಳುತ್ತವೆ. ಹಂದಿ, ಕಡವೆಯ ದಪ್ಪ ಚರ್ಮ ಮತ್ತು ಸ್ನಾಯುವಿನಲ್ಲೇ ಅವು ನಿಂತುಬಿಡುವುದುಂಟು. ಸಣ್ಣ ತೂತನ್ನು ಚರ್ಮ, ಕೊಬ್ಬು ಮುಚ್ಚಿಬಿಟ್ಟರೆ ರಕ್ತದ ಜಾಡೂ ಸಿಗುವುದಿಲ್ಲ.

ಅರಿವಳಿಕೆಗೂ ಇದೇ ನಿಯಮ

ಕೊಡಿಯಾಲ್‌ಬೈಲ್‌ನಂಥ ನಗರಮಧ್ಯದ ಪ್ರದೇಶಗಳಲ್ಲಿ ವಾಸಿಸುವ ಮಂಗಳೂರಿಗರಿಗೆ ಕಾಡುಕೋಣ ದೂರದ ಘಟ್ಟದ ಪ್ರಾಣಿ. ಆದರೆ 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಜಾರಿಯಲ್ಲಿದ್ದಾಗ, ಕಾಡುಕೋಣವೊಂದು ಮಂಗಳೂರು ನಗರದೊಳಕ್ಕೇ ಬಂದಿತ್ತು. ಅರಣ್ಯ ಇಲಾಖೆ ಅರಿವಳಿಕೆ ಮದ್ದು ಹಾರಿಸಿ ಅದನ್ನು ಹಿಡಿಯಿತು. ಆದರೆ ಹಿಡಿದ ಬಳಿಕ ಅದು ಬದುಕುಳಿಯಲಿಲ್ಲ.

ಅರಿವಳಿಕೆಯ ಸೂಜಿ ಸರಿಯಾದ ಸ್ನಾಯುವಿಗೆ ನಾಟಿದರೂ ಮದ್ದು ರಕ್ತಕ್ಕೆ ಸೇರಿ ಮಿದುಳನ್ನು ತಲಪಲು ಹಲವು ನಿಮಿಷ ಬೇಕು. ಬೆದರಿದ ಪ್ರಾಣಿಯಲ್ಲಿ ಅಡ್ರಿನಲಿನ್ ಏರಿದ್ದರೆ ಜೈಲಜಿನ್‌ನಂಥ ಮದ್ದು ನಿರೀಕ್ಷಿಸಿದಷ್ಟು ಕೆಲಸ ಮಾಡುವುದಿಲ್ಲ. ಅಷ್ಟರಲ್ಲಿ ಜನ ಕೂಗಿ ಅಟ್ಟಿದರೆ ಪ್ರಾಣಿ ಓಡಿ ಓಡಿ ಮೈಬಿಸಿ ಏರುತ್ತದೆ, ಸ್ನಾಯುಗಳಲ್ಲಿ ಆಮ್ಲ ತುಂಬುತ್ತದೆ. ಸ್ನಾಯುವಿನ ಕೋಶಗಳು ಒಡೆದು, ಅವುಗಳಿಂದ ಹೊರಬಂದ ವಸ್ತು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಸೆರೆಹಿಡಿದ ಕೆಲವು ಗಂಟೆಗಳಲ್ಲೋ ದಿನಗಳಲ್ಲೋ ಪ್ರಾಣಿ ಸಾಯುವುದಕ್ಕೆ ಇದು ವಿಶ್ವದಾದ್ಯಂತ ಪಶುವೈದ್ಯರು ಗುರುತಿಸಿರುವ ಕಾರಣಗಳಲ್ಲೊಂದು. ಮೆಲುಕು ಹಾಕುವ ಪ್ರಾಣಿಗಳಿಗೆ ಅಡ್ಡ ಮಲಗಿದಾಗ ಹೊಟ್ಟೆಯುಬ್ಬರವಾಗುವ ಅಪಾಯವೂ ಇದೆ. ಗುಂಡು ತಗುಲಿಯೂ ಕೂಡಲೇ ಬೀಳದ ದೇಹ, ಬಿದ್ದು ಎದ್ದ ಮೇಲೂ ಉಳಿಯುವುದೆಂಬ ಭರವಸೆಯಿಲ್ಲ.

ಮನುಷ್ಯರಿಗಿರುವ ಅಪಾಯವನ್ನು ತೋರಿಸಿದ್ದು ಹಾಸನ ಜಿಲ್ಲೆಯ ದುರಂತ. ಆಲೂರು ತಾಲ್ಲೂಕಿನಲ್ಲಿ 2023ರ ಆಗಸ್ಟ್ 31ರಂದು, ಗಾಯಗೊಂಡಿದ್ದ ಕಾಡಾನೆಗೆ ಚಿಕಿತ್ಸೆ ನೀಡಲು ಅರಿವಳಿಕೆ ಮದ್ದು ಹಾರಿಸಿದ ‘ಆನೆ ವೆಂಕಟೇಶ್’ ಅದೇ ಆನೆಯ ದಾಳಿಗೆ ಸಿಲುಕಿ ಮೃತಪಟ್ಟರು. ಅನೇಕ ಆನೆ ಕಾರ್ಯಾಚರಣೆಗಳಲ್ಲಿ ಪಳಗಿದ್ದ ಗುರಿಕಾರ ಅವರು. ಮದ್ದು ತಗುಲುವ ಕ್ಷಣಕ್ಕೂ ಅದು ಪರಿಣಾಮ ಬೀರುವ ಕ್ಷಣಕ್ಕೂ ನಡುವಿನ ಆ ಕೆಲವು ನಿಮಿಷಗಳಲ್ಲಿ ಪ್ರಾಣಿಗೆ ಪೂರ್ಣ ಬಲವಿರುತ್ತದೆ. ಜೊತೆಗೆ ನೋವು, ಸಿಟ್ಟುಗಳೂ ಇರುತ್ತವೆ.

ಕಾನೂನು ಏನೆನ್ನುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ಆದ ತಿದ್ದುಪಡಿಯೊಂದಿಗೆ ಪರವಾನಗಿ ಪಡೆದು ಬೇಟೆಯಾಡುವ ವ್ಯವಸ್ಥೆ ಕೊನೆಗೊಂಡಿತು. ಕಡವೆ, ಕಾಡುಕೋಣಗಳನ್ನು ಕೊಲ್ಲುವುದು ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧ. ಸುಳ್ಯ, ಪುತ್ತೂರು, ಬೆಳ್ತಂಗಡಿ ತಾಲ್ಲೂಕುಗಳ ಅನೇಕ ಕೃಷಿಕರಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳಿವೆ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಭೂಮಿ ಉಳ್ಳವರಿಗೆ ಕೋವಿ ಪರವಾನಗಿಯಿಂದಲೇ ವಿನಾಯಿತಿ ಇದ್ದು, ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಇವೆರಡೂ ಕೋವಿ ಹೊಂದುವ ಹಕ್ಕು ಮಾತ್ರ, ಬೇಟೆಯಾಡುವ ಹಕ್ಕಲ್ಲ.

ತೋಟಕ್ಕೆ ನುಗ್ಗಿದ ಪ್ರಾಣಿಯನ್ನು ಹೆದರಿಸಲೆಂದು ಹಾರಿಸಿದ ಚರೆ ಅದನ್ನು ಕೊಲ್ಲುವುದು ಅಪರೂಪ, ಗಾಯಗೊಳಿಸುವುದು ಸಾಮಾನ್ಯ. ಕೀವು ತುಂಬಿದ ಗಾಯದೊಂದಿಗೆ ವಾರಗಟ್ಟಲೆ ತೋಟದಂಚಿನಲ್ಲೇ ಸುಳಿದಾಡುವ ಕಾಟಿ ಅಥವಾ ಹಂದಿಯ ಎದುರಿಗೆ ಬರುವವರು ಈಡು ಹೊಡೆದವರೇ ಆಗಿರಬೇಕಿಲ್ಲ. ನಸುಕಿನಲ್ಲಿ ರಬ್ಬರ್ ಟ್ಯಾಪಿಂಗ್‌ಗೆ ಹೋದವರು, ಶಾಲೆಗೆ ಹೊರಟ ಮಕ್ಕಳು, ಸೊಪ್ಪು ತರಲು ಹೋದ ಮಹಿಳೆಯರು ಯಾರೂ ಆಗಬಹುದು.

ಗಮನದಲ್ಲಿಡಬೇಕಾದ ಅಂಶಗಳು

* ಬಿದ್ದಿರುವ ದೊಡ್ಡ ಪ್ರಾಣಿ ಸತ್ತಿದೆ ಎಂದು ಭಾವಿಸಿ ಹತ್ತಿರ ಹೋಗಬಾರದು. ಅದು ಪ್ರಜ್ಞೆ ತಪ್ಪಿರಬಹುದು, ಇಲ್ಲವೇ ದಣಿದು ಮಲಗಿರಬಹುದು.

* ಗಾಯಗೊಂಡ ಪ್ರಾಣಿ ಕಂಡರೆ ಬೆನ್ನಟ್ಟದೆ ಸಮೀಪದ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಬೇಕು. ಕಂಡ ಜಾಗ, ಸಮಯ, ಹೋದ ದಿಕ್ಕು, ರಕ್ತದ ಗುರುತು ಇವು ಉಪಯುಕ್ತ ಮಾಹಿತಿ.

* ಅರಿವಳಿಕೆ ಕಾರ್ಯಾಚರಣೆ ನಡೆಯುವಾಗ ಗುಂಪು ಸೇರಿ ಕೂಗುವುದು, ಮೊಬೈಲ್‌ನಲ್ಲಿ ಚಿತ್ರೀಕರಿಸಲು ಹತ್ತಿರ ಸರಿಯುವುದು ಸಲ್ಲದು. ನೆರೆದವರು ಮೌನವಾಗಿದ್ದಷ್ಟೂ ಮದ್ದು ಬೇಗ ಕೆಲಸ ಮಾಡುತ್ತದೆ, ಪ್ರಾಣಿ ಉಳಿಯುವ ಸಾಧ್ಯತೆಯೂ ಹೆಚ್ಚುತ್ತದೆ.

* ಬೆಳೆ ಹಾನಿಯಾದರೆ ಅರಣ್ಯ ಇಲಾಖೆಯಿಂದ ಪರಿಹಾರ ಕೋರಲು ಅವಕಾಶವಿದೆ.