ಹಡಗು ಹತ್ತಿ ಹೋದ ಪತ್ರಗಳು

ಒಂದು ಧರ್ಮಕೇಂದ್ರದ ಚರಿತ್ರೆಯನ್ನು ಬರೆಯಹೊರಟವರು ಮೊದಲು ಕೈಗೆತ್ತಿಕೊಳ್ಳುವುದು ಜ್ಞಾನಸ್ನಾನ, ವಿವಾಹ ಹಾಗೂ ಮರಣಗಳ ದಾಖಲೆ ಪುಸ್ತಕಗಳನ್ನು. ಅವು ನಮಗೆ ಹೆಸರನ್ನೂ ತಾರೀಖನ್ನೂ ಕೊಡುತ್ತವೆ. ಮನುಷ್ಯರ ಮಾತನ್ನು ಕೊಡುವುದಿಲ್ಲ. ಮಾತು ಉಳಿಯುವುದು ಪತ್ರಗಳಲ್ಲಿ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಆಚೀಚೆ ಸಂಚರಿಸಿದ ಹಿಂದಿನ ಗುರುಗಳ ಪತ್ರಗಳು ಇಂದು ಎಲ್ಲಿವೆ, ಅವುಗಳಲ್ಲಿ ನಮ್ಮ ಜನ ಎಷ್ಟರಮಟ್ಟಿಗೆ ಕಾಣಸಿಗುತ್ತಾರೆ ಎಂಬುದನ್ನು ಈ ಶತಮಾನೋತ್ಸವದ ಸಂದರ್ಭದಲ್ಲಿ ವಿಚಾರಮಾಡುವುದು ಉಚಿತವೆಂದು ಭಾವಿಸಿದ್ದೇನೆ.

ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸರಿಗೆ ಪತ್ರವೆಂದರೆ ಕೇವಲ ಕ್ಷೇಮಸಮಾಚಾರವಾಗಿರಲಿಲ್ಲ. 1542ರಲ್ಲಿ ತಮ್ಮ ಸಂಗಡಿಗರೊಬ್ಬರಿಗೆ ಅವರು ಕೊಟ್ಟ ಸೂಚನೆ ಪ್ರಸಿದ್ಧವಾದದ್ದು: ಎಲ್ಲರಿಗೂ ತೋರಿಸಬಹುದಾದ ಪತ್ರವನ್ನು ಒಮ್ಮೆ ಬರೆದು, ತಿದ್ದಿ, ಮತ್ತೊಮ್ಮೆ ಬರೆಯಬೇಕು, ಖಾಸಗಿ ಮಾತುಗಳನ್ನು ಬೇರೆ ಹಾಳೆಯಲ್ಲಿ ಬರೆದು ಇಡಬೇಕು. ಭಾರತದಿಂದ ಹೋಗುವ ಪತ್ರಗಳಿಗೆ ಎರಡು ಮೂರು ನಕಲುಗಳನ್ನು ಮಾಡಿ ಬೇರೆ ಬೇರೆ ಹಡಗುಗಳಲ್ಲಿ ಕಳುಹಿಸುತ್ತಿದ್ದರು. ಒಂದು ಹಡಗು ಮುಳುಗಿದರೂ ಇನ್ನೊಂದು ದಡ ಸೇರಲಿ ಎಂಬ ಈ ಮುಂದಾಲೋಚನೆಯಿಂದಲೇ ಅನೇಕ ಪತ್ರಗಳು ರೋಮಿನಲ್ಲಿರುವ ಯೇಸುಸಭೆಯ ದಫ್ತರವನ್ನು ಸೇರಿ ಇಂದಿಗೂ ಉಳಿದಿವೆ.

ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಗಲ್ಲಿಟ್ಟ ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಸ್ವಾಮಿಗಳು ಕನ್ನಡವನ್ನು ಕಲಿತು, ಅದಕ್ಕೆ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದರು. ಆ ಮಿಷನ್ನಿನಿಂದ ವರ್ಷವರ್ಷವೂ ಹೋದ ಪತ್ರಗಳನ್ನು ಆಧರಿಸಿಯೇ ಫೆರೋಲಿ ಸ್ವಾಮಿಗಳು 1955ರಲ್ಲಿ ಮೈಸೂರಿನ ಯೇಸುಸಭೆಯ ಚರಿತ್ರೆಯನ್ನು ಪ್ರಕಟಿಸಿದರು.

ಇತ್ತ 1687ರಲ್ಲಿ ಮೊಗಲರ ಕೈಸೇರಿದ ಸಿರಾ ಒಂದು ದೊಡ್ಡ ಆಡಳಿತ ಕೇಂದ್ರವಾಯಿತು. ಮುಂದಿನ ಶತಮಾನದ ಆರಂಭದಲ್ಲಿ ಪಾಂಡಿಚೇರಿಯಿಂದ ಹೊರಟ ಫ್ರೆಂಚ್ ಯೇಸುಸಭೆಯ ಗುರುಗಳು ಪುಂಗನೂರಿನಲ್ಲಿಯೂ ಹಿಂದಿನ ಅನಂತಪುರ ಜಿಲ್ಲೆಯ ಕೃಷ್ಣಾಪುರದಲ್ಲಿಯೂ ನೆಲೆಯೂರಿದರು. ಮೂರು ಕಡೆ ಆಂಧ್ರ ಸುತ್ತುವರಿದಿರುವ ಪಾವಗಡದವರಿಗೆ ಇದು ದೂರದ ಸಂಗತಿಯಲ್ಲ. ಅದೇ ಒಣನೆಲ, ಅದೇ ಬೆರಕೆ ಮಾತು. ಈ ಗುರುಗಳ ಪತ್ರಗಳು ಇತರ ದೇಶಗಳ ಮಿಷನ್ ಪತ್ರಗಳೊಡನೆ 1702ರಿಂದ 1776ರವರೆಗೆ ಪ್ಯಾರಿಸಿನಲ್ಲಿ 34 ಸಂಪುಟಗಳಾಗಿ ಅಚ್ಚಾದವು.

ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ತೆಲುಗು ಸೀಮೆಯಲ್ಲಿ ದುಡಿದ ಗಾಸ್ತೋನ್ ಕೆರ್ದೂ ಸ್ವಾಮಿಗಳು 1742ರ ಜನವರಿಯಲ್ಲಿ ಬರೆದ ಪತ್ರ. ಅದರಲ್ಲಿ ಉಪದೇಶವಿಲ್ಲ, ಪವಾಡವಿಲ್ಲ. ಇರುವುದು ಬಟ್ಟೆಗೆ ಬಣ್ಣ ಕಟ್ಟುವ ವಿಧಾನ. ಹೊಸದಾಗಿ ಜ್ಞಾನಸ್ನಾನ ಪಡೆದಿದ್ದ ಕೆಲವು ಬಣ್ಣಗಾರರನ್ನು ಸ್ವಾಮಿಗಳು ವಿಚಾರಿಸಿ, ಅವರು ಹೇಳಿದ್ದನ್ನು ಬರೆದುಕೊಂಡರು. ಅಳಲೆಕಾಯಿಯನ್ನು ಅರೆದು ಎಮ್ಮೆಯ ಹಾಲಿನಲ್ಲಿ ಕಲಸಿ ಬಟ್ಟೆಯನ್ನು ಅದ್ದುವುದು, ಹುಳಿಗಂಜಿಯಲ್ಲಿ ಕಬ್ಬಿಣವನ್ನು ನೆನೆಹಾಕಿ ಕಪ್ಪನ್ನು ಪಡೆಯುವುದು, ಪಟಿಕ ಸವರಿದ ಕಡೆ ಮಾತ್ರ ಬೇರಿನ ಕೆಂಪು ಹಿಡಿಯುವುದು, ನೀಲಿ ತಾಗಬಾರದ ಕಡೆ ಮೇಣವನ್ನು ಬಳಿಯುವುದು, ಎಲ್ಲವೂ ಅಲ್ಲಿದೆ. ಯೂರೋಪಿನ ವ್ಯಾಪಾರಿಗಳು ಬಹುಕಾಲದಿಂದ ಬಯಸಿದ್ದ ರಹಸ್ಯವಿದು. ಬಡ ಕುಶಲಕರ್ಮಿಗಳು ತಮ್ಮ ಗುರುಗಳಿಗೆ ನಂಬಿಕೆಯಿಂದ ಹೇಳಿದ ವಿದ್ಯೆ ಹೀಗೆ ಪರದೇಶದ ಕಾರ್ಖಾನೆಯವರ ಕಣ್ಣಿಗೂ ಬೀಳುವಂತಾಯಿತು. ಇದು ಸರಿಯೋ ತಪ್ಪೋ ಎಂದು ನಾವು ಕೇಳಿಕೊಳ್ಳಲೇಬೇಕು. ಆದರೂ ಆ ಪತ್ರವಿಲ್ಲದಿದ್ದರೆ ಆ ಕೈಗಳ ಕೆಲಸದ ವಿವರ ನಮಗೆ ಇಷ್ಟು ನಿಖರವಾಗಿ ದೊರೆಯುತ್ತಿರಲಿಲ್ಲ. ಒಂದು ಕೊರತೆ ಮಾತ್ರ ಮನಸ್ಸನ್ನು ನೋಯಿಸುತ್ತದೆ: ಓದುಗರಿಗೆ ಸ್ವಾಮಿಗಳ ಹೆಸರು ಗೊತ್ತು, ಆ ಬಣ್ಣಗಾರರ ಹೆಸರು ಗೊತ್ತಿಲ್ಲ.

ಇದೇ ಕೆರ್ದೂ ಸ್ವಾಮಿಗಳು ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್ ಭಾಷೆಗಳಿಗೂ ಇರುವ ನಂಟನ್ನು 1767ರಲ್ಲಿ ಪ್ಯಾರಿಸಿನ ವಿದ್ವಾಂಸರಿಗೆ ಬರೆದು ತಿಳಿಸಿದರು. ಅದು ಅಚ್ಚಾದದ್ದು 1808ರಲ್ಲಿ. ಅಷ್ಟರೊಳಗೆ, 1786ರಲ್ಲಿ, ವಿಲಿಯಂ ಜೋನ್ಸ್ ಅದೇ ಮಾತನ್ನಾಡಿ ಕೀರ್ತಿವಂತರಾಗಿದ್ದರು. ಮೈಸೂರು ಸೀಮೆಯಲ್ಲಿ ದುಡಿದು, ಸಿಡುಬಿನ ಲಸಿಕೆಯನ್ನು ಹರಡಿದ ದ್ಯುಬುವಾ ಸ್ವಾಮಿಗಳ ಪ್ರಸಿದ್ಧ ಗ್ರಂಥವು ಬಹುಮಟ್ಟಿಗೆ ಕೆರ್ದೂ ಅವರ ಬರಹವನ್ನೇ ಆಧರಿಸಿದೆ ಎಂಬುದನ್ನು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ಶ್ರುತಪಡಿಸಿದರು. ಲಂಡನ್ನಿನಲ್ಲಿ ಒಂದು ಹಳೆಯ ಹಸ್ತಪ್ರತಿ ಉಳಿದಿದ್ದುದರಿಂದ ಇದು ಸಾಧ್ಯವಾಯಿತು. ಕಾಗದ ಉಳಿದರೆ ನ್ಯಾಯವೂ ಎಂದಾದರೊಂದು ದಿನ ಬಾಗಿಲು ತಟ್ಟುತ್ತದೆ.

ಅಚ್ಚಾದ ಮಿಷನ್ ಪತ್ರಗಳನ್ನು ಓದುವಾಗ ಎಚ್ಚರಿಕೆಯೂ ಬೇಕು. ವಾಚಕರ ಭಕ್ತಿಯನ್ನು ವೃದ್ಧಿಪಡಿಸಲೆಂದು ಸಂಪಾದಕರು ಅವನ್ನು ತಿದ್ದುತ್ತಿದ್ದರು. ಗುರುಗಳ ಬೇಸರ, ಕಾಯಿಲೆ, ತಮ್ಮೊಳಗಿನ ಮನಸ್ತಾಪಗಳನ್ನು ಹುಡುಕುವವರು ಇಗ್ನೇಷಿಯಸರು ಹೇಳಿದ ಆ ಬೇರೆ ಹಾಳೆಗಳನ್ನೇ ನೋಡಬೇಕು.

ಐರ್ಲೆಂಡಿನ ಕಥೋಲಿಕರು ಈ ವಿಷಯದಲ್ಲಿ ಭಾಗ್ಯವಂತರು. ಬೆಂಗಳೂರಿನ ಸಂತ ಪ್ಯಾಟ್ರಿಕರ ದೇವಾಲಯವನ್ನು ಕಂಡವರಿಗೆ ಐರಿಷ್ ಸೈನಿಕರ ನೆನಪು ಬರದಿರದು. ಅವರ ನಾಡಿನಲ್ಲಿ ಕಥೋಲಿಕರಿಗೆ 1829ರಲ್ಲಿ ನಾಗರಿಕ ಹಕ್ಕುಗಳನ್ನು ದೊರಕಿಸಿಕೊಟ್ಟ ಡೇನಿಯಲ್ ಓಕಾನೆಲರ ಪತ್ರಗಳನ್ನು ಅವರ ವಂಶಜರೇ ಆದ ಪ್ರಾಧ್ಯಾಪಕರೊಬ್ಬರು 1972ರಿಂದ 1980ರವರೆಗೆ ಎಂಟು ಸಂಪುಟಗಳಲ್ಲಿ ಹೊರತಂದರು. ಫ್ರಾನ್ಸಿನಲ್ಲಿ ಓದುತ್ತಿದ್ದ ಬಾಲಕ ಚಿಕ್ಕಂದಿನಲ್ಲಿ ಬರೆದದ್ದು, ಸಾಲದ ಚಿಂತೆ, ಗುಟ್ಟಾಗಿ ಕೈಹಿಡಿದ ಹೆಂಡತಿ ಮೇರಿಗೆ ಬರೆದ ಪ್ರೀತಿಯ ಮಾತು, ಯಾವುದನ್ನೂ ಮನೆಯವರು ಸುಟ್ಟುಹಾಕಲಿಲ್ಲ. ಹೀಗಾಗಿ ಅವರ ನಾಯಕ ಪ್ರತಿಮೆಯಾಗದೆ ಮನುಷ್ಯನಾಗಿಯೇ ಉಳಿದಿದ್ದಾನೆ.

ನಮ್ಮಲ್ಲಿ ಗುರುಗಳು ಬರೆದದ್ದು ರೋಮ್, ಪ್ಯಾರಿಸುಗಳಲ್ಲಿದೆ. ಜನರು ಬರೆದದ್ದು ಎಲ್ಲಿದೆ? ಓದುಬರಹ ಬಾರದ ತಾಯಂದಿರು ಉಪದೇಶಿಗಳಿಂದ ಬರೆಸಿದ ಕಾರ್ಡುಗಳು, ಮಠ ಸೇರಿದ ಮಗಳು ಮನೆಗೆ ಬರೆದ ಕಾಗದಗಳು, ಬೆಂಗಳೂರಿಗೋ ಕೋಲಾರದ ಚಿನ್ನದ ಗಣಿಗೋ ದುಡಿಮೆಗೆ ಹೋದವರು ಮನಿಯಾರ್ಡರಿನ ಅಡಿಯಲ್ಲಿ ಗೀಚಿದ ಎರಡು ಸಾಲುಗಳು, ಇವೂ ನಮ್ಮ ಧರ್ಮಸಭೆಯ ಚರಿತ್ರೆಯೇ. ಇವುಗಳಿಗೆ ಎರಡನೆಯ ನಕಲಿಲ್ಲ, ಎರಡನೆಯ ಹಡಗಿಲ್ಲ. ಹಳೆಯ ಮನೆಗಳನ್ನು ಕೆಡವಿ ಹೊಸದನ್ನು ಕಟ್ಟುವಾಗ ತಗಡಿನ ಪೆಟ್ಟಿಗೆಯಲ್ಲಿದ್ದವು ಬಚ್ಚಲೊಲೆಗೆ ಹೋಗುತ್ತಿವೆ.

ಆದಕಾರಣ ಪ್ರಿಯ ವಿಶ್ವಾಸಿಗಳೇ, ನಿಮ್ಮ ಮನೆಯಲ್ಲಿ ಅಂಥ ಕಾಗದಗಳಿದ್ದರೆ ದಯವಿಟ್ಟು ಗುರುಮನೆಗೆ ತನ್ನಿರಿ. ನಕಲು ಮಾಡಿಸಿಕೊಂಡು ಮೂಲವನ್ನು ನಿಮಗೇ ಹಿಂದಿರುಗಿಸುತ್ತೇವೆ. ಬರೆದವರು ಯಾರು, ಯಾರಿಗೆ ಬರೆದರು ಎಂಬುದನ್ನು ಮನೆಯ ಹಿರಿಯರಿಂದ ಈಗಲೇ ಕೇಳಿ ಬೇರೊಂದು ಚೀಟಿಯಲ್ಲಿ ಗುರುತುಹಾಕಿರಿ. ಮಕ್ಕಳು ಅಂಚೆಚೀಟಿಗಾಗಿ ಲಕೋಟೆಯನ್ನು ಹರಿಯದಂತೆ ನೋಡಿಕೊಳ್ಳಿರಿ. ಎಷ್ಟೋ ಪತ್ರಗಳಿಗೆ ಅಂಚೆಯ ಮುದ್ರೆಯೊಂದೇ ತಾರೀಖು.