ಸೂಜಿಯಿಂದ ಪಂಪಿಗೆ

ನಾನು ಸಣ್ಣವನಿದ್ದಾಗ ಸೋದರಮಾವನ ಮನೆಯ ಒಲೆಯ ಮೇಲೆ ಬೆಳಗ್ಗೆ ಎರಡು ಪಾತ್ರೆಗಳು ಇರುತ್ತಿದ್ದವು. ಒಂದರಲ್ಲಿ ಗಂಜಿ, ಇನ್ನೊಂದರಲ್ಲಿ ಕುದಿಯುವ ನೀರಿನೊಳಗೆ ಗಾಜಿನ ಸಿರಿಂಜು. ಮಾವನಿಗೆ ಸಕ್ಕರೆ ಕಾಯಿಲೆ. ತೊಡೆಗೆ ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಹಸಿವೆ ಇರಲಿ ಇಲ್ಲದಿರಲಿ, ಗಂಟೆ ನೋಡಿ ಉಣ್ಣಲೇಬೇಕು. ಮದುವೆ ಮನೆಯಲ್ಲಿ ಪಂಕ್ತಿ ತಡವಾದರೆ ಅವರ ಕೈ ನಡುಗಲಿಕ್ಕೆ ಶುರು. ಅದಕ್ಕೇ ಕಿಸೆಯಲ್ಲಿ ಯಾವಾಗಲೂ ಬೆಲ್ಲದ ತುಂಡು.

ಈಗ ನನ್ನ ಮಗಳ ಸೊಂಟದಲ್ಲಿ ಸಣ್ಣದೊಂದು ಇನ್ಸುಲಿನ್ ಪಂಪು ಉಂಟು. "ಮಾಸ್ಟ್ರೇ, ಇದು ಹಾಕಿದ ಮೇಲೆ ಗುಣ ಆಯ್ತಲ್ಲ?" ಎಂದು ಊರಿನವರು ಕೇಳುತ್ತಾರೆ. ಇಲ್ಲ, ಗುಣ ಆಗಲಿಲ್ಲ. ಯಾಕೆ ಅಂತ ಹೇಳಬೇಕಾದರೆ ನೂರು ವರ್ಷದ ಕತೆ ಹೇಳಬೇಕು.

ನನ್ನ ಮಗಳಿಗಿರುವುದು ಟೈಪ್ 1 ಮಧುಮೇಹ. ಇದರಲ್ಲಿ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಹಿಂದೆ ಇಂಥ ಮಕ್ಕಳು ಬದುಕುತ್ತಿರಲಿಲ್ಲ. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಪ್ರಾಣಿಗಳ ಗ್ರಂಥಿಯಿಂದ ಇನ್ಸುಲಿನ್ ತೆಗೆದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಚುಚ್ಚಿದಾಗ ಹೆಚ್ಚು ಉಪಯೋಗವಾಗಲಿಲ್ಲ. ಕಾಲಿಪ್ ಎಂಬ ವಿಜ್ಞಾನಿ ಅದನ್ನು ಶುದ್ಧಗೊಳಿಸಿದ ಮೇಲೆ, 12 ದಿನ ಕಳೆದು ಮತ್ತೆ ಚುಚ್ಚಿದಾಗ ಸಕ್ಕರೆ ಇಳಿಯಿತು. ಈ ಮೂವರೂ ತಮ್ಮ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು.

ಜೀವ ಉಳಿಯಿತು, ಆದರೆ ಗಡಿಯಾರದ ಜೀತ ಶುರುವಾಯಿತು. ಆರೋಗ್ಯವಂತರ ದೇಹದಲ್ಲಿ ಇನ್ಸುಲಿನ್ ಹಗಲೂ ರಾತ್ರಿ ಸ್ವಲ್ಪ ಸ್ವಲ್ಪವೇ ಬರುತ್ತದೆ, ಉಂಡಾಗ ಹೆಚ್ಚು ಬರುತ್ತದೆ. ಇಂಜೆಕ್ಷನ್ ಹಾಗಲ್ಲ, ಗಿಡದ ಬುಡಕ್ಕೆ ಕೊಡಪಾನದ ನೀರನ್ನು ಒಮ್ಮೆಲೇ ಹೊಯ್ದ ಹಾಗೆ. ಹನಿ ನೀರಾವರಿಯ ಹಾಗೆ ಕೊಡುವುದು ಹೇಗೆ ಎಂಬ ಯೋಚನೆಯಿಂದ ಪಂಪು ಹುಟ್ಟಿತು. 1960ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ವೈದ್ಯ ಆರ್ನಲ್ಡ್ ಕಡಿಶ್ ಮಾಡಿದ ಯಂತ್ರ ಬೆನ್ನಿಗೆ ಹೊರುವಷ್ಟು ದೊಡ್ಡದು. 1978ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಪಿಕಪ್, ಹ್ಯಾರಿ ಕೀನ್ ಮತ್ತು ಸಂಗಡಿಗರು, ಸಣ್ಣ ಪಂಪಿನಿಂದ ಚರ್ಮದಡಿಗೆ ಎಡೆಬಿಡದೆ ಇನ್ಸುಲಿನ್ ಕೊಡಬಹುದೆಂದು ತೋರಿಸಿಕೊಟ್ಟರು.

1993ರಲ್ಲಿ ದೊಡ್ಡದೊಂದು ಅಧ್ಯಯನದ ಫಲ ಹೊರಬಂತು. ಅಮೆರಿಕ ಮತ್ತು ಕೆನಡಾದ 1441 ಮಂದಿ ಅದರಲ್ಲಿದ್ದರು. ಪಂಪಿನಿಂದಾಗಲಿ, ದಿನಕ್ಕೆ ಮೂರೋ ಹೆಚ್ಚೋ ಇಂಜೆಕ್ಷನ್ನಿನಿಂದಾಗಲಿ ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ, ಮೊದಲು ಕಣ್ಣಿನ ತೊಂದರೆ ಇಲ್ಲದಿದ್ದವರಿಗೆ ಅದು ಬರುವ ಅಪಾಯ ಶೇಕಡಾ 76ರಷ್ಟು ಕಡಿಮೆಯಾಯಿತು. ಇಲ್ಲೊಂದು ಮಾತು ಗಮನಿಸಬೇಕು. ಅವರೆಲ್ಲ ದಿನಕ್ಕೆ ನಾಲ್ಕು ಸಲವಾದರೂ ರಕ್ತ ಪರೀಕ್ಷಿಸಿಕೊಳ್ಳುತ್ತಿದ್ದರು. ಕಣ್ಣು ಉಳಿಸಿದ್ದು ಬರೀ ಯಂತ್ರವಲ್ಲ, ಅದರ ಹಿಂದಿದ್ದ ಎಚ್ಚರ.

ಇದು ನಮಗೆ ಅರ್ಥವಾದದ್ದು ಪಂಪು ಹಾಕಿದ ಎರಡನೇ ತಿಂಗಳಲ್ಲಿ. ದಿನಕ್ಕೆ ನಾಲ್ಕೈದು ಸಲದ ಚುಚ್ಚುವಿಕೆ ತಪ್ಪಿ, ಎರಡು ಮೂರು ದಿನಕ್ಕೊಮ್ಮೆ ಸಣ್ಣ ನಳಿಗೆ ಬದಲಿಸಿದರೆ ಸಾಕು ಎಂದಾದಾಗ ನಾವು ನಿಶ್ಚಿಂತರಾಗಿದ್ದೆವು. ಒಂದು ರಾತ್ರಿ ಆ ನಳಿಗೆ ಚರ್ಮದಿಂದ ಜಾರಿತ್ತು. ಪಂಪು ತನ್ನ ಪಾಡಿಗೆ ಓಡುತ್ತಿತ್ತು, ಔಷಧ ಅಂಗಿಗೆ ಹೋಗುತ್ತಿತ್ತು. ಪಂಪಿನಲ್ಲಿರುವುದು ಬೇಗ ಕೆಲಸಮಾಡಿ ಬೇಗ ಮುಗಿಯುವ ಇನ್ಸುಲಿನ್; ದೇಹದಲ್ಲಿ ದಾಸ್ತಾನು ಇರುವುದಿಲ್ಲ. ಬೆಳಗಿನ ಜಾವಕ್ಕೆ ಮಗಳಿಗೆ ವಾಂತಿ, ಏದುಸಿರು. ಡಾಕ್ಟರಿಗೆ ಫೋನು ಮಾಡಿ, ಅವರು ಹೇಳಿದಷ್ಟನ್ನು ಹಳೆಯ ಪೆನ್ನಿನಿಂದ ಚುಚ್ಚಿ ಆಸ್ಪತ್ರೆಗೆ ಓಡಿದೆವು. ಆ ಪೆನ್ನನ್ನು ಇನ್ನು ಬೇಡವೆಂದು ಎಸೆಯಲಿಕ್ಕೆ ಹೊರಟಿದ್ದವನು ನಾನೇ.

ಪಂಪು ಎಲ್ಲರಿಗೂ ಬೇಕೆಂದಿಲ್ಲ, ಎಲ್ಲರ ಕೈಗೆ ಎಟಕುವಂಥದ್ದೂ ಅಲ್ಲ. ನಮ್ಮಲ್ಲಿ ಟೈಪ್ 1 ಇರುವ ಮಕ್ಕಳಿಗಾಗಿ ಕೇರಳ ಸರಕಾರದ 'ಮಿಠಾಯಿ' ಯೋಜನೆ ಉಂಟು, ತಿಳಿಯದವರು ವಿಚಾರಿಸಬೇಕು. ಶಾಲೆಯ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ: ಮಗುವಿನ ಸೊಂಟದ ಪೆಟ್ಟಿಗೆಯನ್ನು ಮೊಬೈಲೆಂದು ತೆಗೆಸಬೇಡಿ, ಪಾಠದ ನಡುವೆ ಏನಾದರೂ ಬಾಯಿಗೆ ಹಾಕಿಕೊಂಡರೆ ಗದರಬೇಡಿ.

ಮೊನ್ನೆ ಮದುವೆಯೊಂದರಲ್ಲಿ ಪಂಕ್ತಿ ಬಹಳ ತಡವಾಯಿತು. ಮಗಳು ಗೆಳತಿಯರ ಜತೆ ನಗುತ್ತಾ ಕೂತಿದ್ದಳು. ಎಲೆಗೆ ಅನ್ನ ಬಿದ್ದ ಮೇಲೆ ಅಂದಾಜು ಮಾಡಿ ಗುಂಡಿ ಒತ್ತಿದಳು. ಮಾವನಿಗೆ ಈ ಸ್ವಾತಂತ್ರ್ಯ ಸಿಕ್ಕಿರಲಿಲ್ಲ. ಆದರೂ ಅವಳ ಚೀಲದಲ್ಲಿ ಇಣುಕಿ ನೋಡಿದೆ: ಬೆಲ್ಲದ ತುಂಡು ಇತ್ತು.